ಎತ್ತಿಟ್ಟದ್ದು, ಎತ್ತಿದ್ದು

ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಾ ಇಪ್ಪತ್ತೆರಡು ವರ್ಷ ಆಯಿತು. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಮಂಜೇಶ್ವರ, ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ ಕಡೆಯವರು. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ. ಪೇಟೆಯಲ್ಲಿ ಮಲಯಾಳ. ಅವರ ಮೇಲೆ ಕೇಸಾದಾಗ ಕೈಗೆ ಬರುವ ಕಾಗದವೂ ಮಲಯಾಳದ್ದೇ.

ಒಬ್ಬ ಮನುಷ್ಯನ ಮೇಲೆ ಕೇಸು ಹೇಗೆ ಕಟ್ಟುತ್ತಾರೆ ಎಂಬುದನ್ನು ನಾನು ಸರಿಯಾಗಿ ಕಲಿತದ್ದು 2018ರ ಒಂದು ಕೇಸಿನಲ್ಲಿ. ಅವನ ಗುರುತು ಸಿಗಬಾರದು ಎಂದು ಊರು, ಸಂಘದ ಹೆಸರು, ಮೊತ್ತ ಬಿಟ್ಟು ಬರೆಯುತ್ತಿದ್ದೇನೆ.

ಅವನು ಒಂದು ಸಹಕಾರಿ ಸಂಘದ ಪಿಗ್ಮಿ ಸಂಗ್ರಾಹಕ. ದಿನಾ ಅಂಗಡಿ ಅಂಗಡಿ ಸುತ್ತಿ ಹಣ ತಂದು ಕೌಂಟರಿಗೆ ಕಟ್ಟುವ ಕೆಲಸ. ಆ ವಾರ ಎರಡನೇ ಶನಿವಾರ, ಆದಿತ್ಯವಾರ ರಜೆ, ಸೋಮವಾರ ಹರತಾಳ. ಶುಕ್ರವಾರ ಸಂಜೆ, ಶನಿವಾರ ಸಿಕ್ಕಿದ ಹಣ ಅವನ ಮನೆಯಲ್ಲೇ ಉಳಿಯಿತು. ಮಂಗಳವಾರ ಬ್ಯಾಗ್ ಹಿಡಿದುಕೊಂಡು ಬಂದ. ಸಂಘದಲ್ಲಿ ಆಗಲೇ ಆಡಿಟ್‌ನವರು ಹಣ ಕಡಿಮೆ ಇದೆ ಎಂದು ಹೇಳಿದ್ದರು. ಅಧ್ಯಕ್ಷರು ಒಳಗೆ ಕರೆದು ಕೇಳಿದರು, ಇಷ್ಟು ದಿನ ಹಣ ಎಲ್ಲಿತ್ತು? ಅವನು ಹೇಳಿದ, "ಮನೆಯಲ್ಲಿ ಎತ್ತಿಟ್ಟಿದ್ದೆ."

ಆ ಮಾತನ್ನು ಅಲ್ಲೇ ಮಲಯಾಳದಲ್ಲಿ ಬರೆದುಕೊಂಡರು. "ಪಣಂ ಞಾನ್ ಎಡುತ್ತದಾಣ್." ಹಣ ನಾನೇ ತೆಗೆದದ್ದು ಎಂದು ಅರ್ಥ. ಎತ್ತಿಟ್ಟೆ ಎನ್ನುವುದಕ್ಕೆ ಮಲಯಾಳದಲ್ಲಿ "ಎಡುತ್ತು ವೆಚ್ಚು" ಎಂದು ಸರಿಯಾದ ಮಾತೇ ಉಂಟು. "ವೆಚ್ಚು" ಬಿಟ್ಟು ಹೋಯಿತು. ಬೇಕೆಂದೇ ಬಿಟ್ಟರೋ ಅವಸರದಲ್ಲೋ, ನನಗೆ ಇವತ್ತಿಗೂ ಗೊತ್ತಿಲ್ಲ. "ನೋಡು ಮಾರಾಯ, ಇದಕ್ಕೊಂದು ಸಹಿ ಹಾಕು. ಕೇಸು ಗೀಸು ಇಲ್ಲದೆ ಇಲ್ಲಿಯೇ ಮುಗಿಸುವ" ಅಂದರಂತೆ ಅಧ್ಯಕ್ಷರು. ಅವನು ಸಹಿ ಹಾಕಿದ. ಕನ್ನಡದಲ್ಲಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಆದರೆ ಆಡಳಿತ ಸಮಿತಿ, ಊರಿನ ಹಿರಿಯರು, ಕ್ಲಬ್ಬಿನವರು ಕೋಣೆಯಲ್ಲಿ ಕೂರಿಸಿ ಬರೆಸಿಕೊಂಡ ಕಾಗದಕ್ಕೆ ಆ ತಡೆ ಇಲ್ಲ. ಪೊಲೀಸರಿಗೆ ಆಗದ ಕೆಲಸವನ್ನು ಹತ್ತು ಜನ ಸೇರಿ ಮಾಡಿಕೊಡುತ್ತಾರೆ. ಸಂಘ ಸಂಸ್ಥೆಗಳ ಕೇಸುಗಳಲ್ಲಿ ಇಂಥ ಒಂದು ಕಾಗದ ಇಲ್ಲದ ಫೈಲನ್ನು ನಾನು ನೋಡಿದ್ದು ಕಡಿಮೆ.

ಅವನು ನನ್ನ ಹತ್ತಿರ ಬಂದದ್ದು ಸಸ್ಪೆನ್ಷನ್ ಪತ್ರ ಸಿಕ್ಕಿದ ಮೇಲೆ. ಮಲಯಾಳ ಓದಲಿಕ್ಕೆ ಬರುತ್ತದಾ ಎಂದು ಕೇಳಿದೆ. "ಗೊತ್ತುಂಟು ವಕೀಲರೇ" ಅಂದ. ನಮ್ಮವರು ಹೆಚ್ಚಾಗಿ ಹಾಗೇ ಹೇಳುತ್ತಾರೆ. ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆ. ಮೀನು ಕೊಳ್ಳುವ ಮಲಯಾಳ ಬೇರೆ, ಸ್ಟೇಷನ್ನಿನ ಮಲಯಾಳ ಬೇರೆ ಅಲ್ವಾ? ಸಸ್ಪೆನ್ಷನ್ ಪತ್ರವನ್ನು ಅವನ ಕೈಗೆ ಕೊಟ್ಟು ಓದು ಅಂದೆ. ಮೊದಲ ಸಾಲಿನಲ್ಲೇ ನಿಂತ.

ಅವತ್ತು ಸಂಜೆಯೇ ಮಂಗಳವಾರ ನಡೆದದ್ದನ್ನೆಲ್ಲ ಅವನ ಕೈಯಿಂದಲೇ ಕನ್ನಡದಲ್ಲಿ ಬರೆಸಿದೆ. ನಾನು ಒಂದು ಶಬ್ದವನ್ನೂ ತಿದ್ದಲಿಲ್ಲ. ಸಂಘಕ್ಕೊಂದು ಪ್ರತಿ, ಸ್ಟೇಷನ್ನಿಗೊಂದು ಪ್ರತಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಎಫ್‌ಐಆರ್ ಆದದ್ದು ಅದರ ನಂತರ. ಒಪ್ಪಿಗೆ ಪತ್ರವನ್ನು ಅಲ್ಲಗಳೆಯುವುದಿದ್ದರೆ ಹೀಗೆ ಕೂಡಲೇ ಮಾಡಬೇಕು. ಎರಡು ವರ್ಷ ಕಳೆದು ಕೋರ್ಟಿನಲ್ಲಿ ಹೇಳಿದರೆ ವಕೀಲರು ಕಲಿಸಿಕೊಟ್ಟದ್ದು ಎನ್ನುತ್ತಾರೆ. ಅಂಚೆಯವರು ತಂದುಕೊಟ್ಟ ಹಳದಿ ಸ್ವೀಕೃತಿ ಕಾರ್ಡು ಆಮೇಲೆ ನಮ್ಮ ಕಡೆಯ ದಾಖಲೆಯಾಯಿತು.

ಚಾರ್ಜ್ ಶೀಟ್ ಬಂತು. ಐಪಿಸಿ 408, ನೌಕರನಿಂದ ನಂಬಿಕೆ ದ್ರೋಹ. ಏಳು ವರ್ಷದವರೆಗೆ ಶಿಕ್ಷೆ ಇರುವ ಸೆಕ್ಷನ್. ಆರೋಪಿಗೆ ಕೇಸಿನ ಕಾಗದಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ 207, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 230. ಕಟ್ಟು ಕೈಗೆ ಬಂದರೆ ನಾನು ಚಾರ್ಜ್ ಶೀಟನ್ನು ಮೊದಲು ಓದುವುದಿಲ್ಲ. ಅದು ಎಲ್ಲ ಮುಗಿದ ಮೇಲೆ ಬರೆದ ಕತೆ. ಅದನ್ನು ಮೊದಲು ಓದಿದರೆ ಉಳಿದ ಕಾಗದಗಳೆಲ್ಲ ಆ ಕತೆಗೆ ಸರಿಯಾಗಿಯೇ ಕಾಣುತ್ತವೆ. ಎಲ್ಲಕ್ಕಿಂತ ಹಳೆಯ ಕಾಗದದಿಂದ ಶುರು ಮಾಡುತ್ತೇನೆ. ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆಯುತ್ತೇನೆ: ಘಟನೆ ನಡೆದ ದಿನ, ಕಾಗದ ಬರೆದ ದಿನ, ಅದು ಕೋರ್ಟಿಗೆ ಮುಟ್ಟಿದ ದಿನ. ಮೂರನೆಯದಕ್ಕೆ ಕೋರ್ಟಿನ ಮೊಹರು ನೋಡಬೇಕು. ಮೊಹರು ಮಸುಕಾಗಿದ್ದರೆ ಜೆರಾಕ್ಸ್ ಸಾಲದು, ಮೂಲ ಫೈಲನ್ನೇ ತೆಗೆಸಿ ನೋಡುತ್ತೇನೆ.

ಆ ಹಾಳೆಯಲ್ಲಿ ಕೇಸು ತಲೆಕೆಳಗಾಗಿ ಕಂಡಿತು. ಮಂಗಳವಾರ ಸಂಜೆಯೇ ಸಮಿತಿ ಸೇರಿ, ಹಣ ದುರುಪಯೋಗ ಮಾಡಿದ್ದು ಇವನೇ, ದೂರು ಕೊಡುವುದು ಎಂದು ನಿರ್ಣಯ ಮಾಡಿದೆ. ನಿರ್ಣಯದಲ್ಲಿ ಮೊತ್ತವೇ ಇಲ್ಲ. ಲೆಡ್ಜರ್ ತಪಾಸಣೆ ಮಾಡಬೇಕು ಎಂದು ತೀರ್ಮಾನ ಆದದ್ದು ಒಂಬತ್ತು ದಿನ ಕಳೆದು. ಕಳ್ಳ ಯಾರು ಎಂದು ಮೊದಲು ಬರೆದರು, ಎಷ್ಟು ಕಳುವಾಗಿದೆ ಎಂದು ಆಮೇಲೆ ಹುಡುಕಿದರು. ತಪಾಸಣೆಯಲ್ಲಿ ಬಿಚ್ಚಿದ್ದೂ ಇವನ ಪುಸ್ತಕಗಳನ್ನು ಮಾತ್ರ. ಸಂಘದಲ್ಲಿ ಇನ್ನೂ ಇಬ್ಬರು ಸಂಗ್ರಾಹಕರಿದ್ದರು. ಅವರ ಲೆಡ್ಜರನ್ನು ಯಾರೂ ಮುಟ್ಟಲಿಲ್ಲ. ದೂರು ಕೊಟ್ಟದ್ದು ಇಪ್ಪತ್ತಮೂರು ದಿನ ಕಳೆದ ಮೇಲೆ. ದೂರಿನಲ್ಲಿ ಒಂದು ಮೊತ್ತ, ಚಾರ್ಜ್ ಶೀಟಿನಲ್ಲಿ ಅದಕ್ಕಿಂತ ಜಾಸ್ತಿ. ದೂರು ತಡವಾದಷ್ಟೂ ಅದಕ್ಕೆ ಬಣ್ಣ ಸೇರುವ ಅಪಾಯ ಇರುತ್ತದೆ ಎಂದು ಸುಪ್ರೀಂ ಕೋರ್ಟು 1972ರಲ್ಲೇ ತುಲಿಯಾ ಕಾಳಿ ಕೇಸಿನಲ್ಲಿ ಹೇಳಿದೆ. ಅದನ್ನು ನಾನು ಎಷ್ಟೋ ಸಲ ವಾದದಲ್ಲಿ ಹೇಳಿದ್ದೆ. ನಿಜವಾಗಿ ಅರ್ಥವಾದದ್ದು ಈ ಹಾಳೆ ನೋಡಿದಾಗ.

ಸಾಕ್ಷಿಗಳ ಹೇಳಿಕೆಗಳಲ್ಲಿ ಹೊಸತೇನೂ ಇರಲಿಲ್ಲ. ಸಮಿತಿಯ ನಾಲ್ಕು ಜನ ಹೇಳಿದ್ದೂ ಒಂದೇ, ಒಂದೇ ವಾಕ್ಯ. ಆರೋಪಿಯ ಮನೆ ಹೆಸರಿನಲ್ಲಿದ್ದ ಅಕ್ಷರ ತಪ್ಪು ಕೂಡ ನಾಲ್ಕರಲ್ಲೂ ಒಂದೇ.

ಕೇಸು ಸಡಿಲವಾದದ್ದು ಹಾಜರಿ ಪುಸ್ತಕದಿಂದ. ಚಾರ್ಜ್ ಶೀಟಿನ ಪ್ರತಿಗಳನ್ನು ಎರಡು ಆದಿತ್ಯವಾರ ಅವನನ್ನೂ ಅವನ ಹೆಂಡತಿಯನ್ನೂ ಕೂರಿಸಿ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಹಣ ಕಡಿಮೆಯಾದ ದಿನಗಳ ಪಟ್ಟಿ ಓದುವಾಗ ಹೆಂಡತಿ ತಡೆದರು. "ಅಣ್ಣ, ಆ ತಾರೀಕು ಇನ್ನೊಮ್ಮೆ ಹೇಳಿ. ಅದು ನಾನು ಹೆರಿಗೆಗೆ ಆಸ್ಪತ್ರೆಯಲ್ಲಿದ್ದ ವಾರ. ಇವರು ನನ್ನೊಟ್ಟಿಗೇ ಇದ್ದರು." ಹಾಜರಿ ಪುಸ್ತಕವನ್ನು ಕೋರ್ಟಿಗೆ ತರಿಸಲು ಅರ್ಜಿ ಹಾಕಿದೆ. ಪಟ್ಟಿಯಲ್ಲಿದ್ದ ಮೂರು ದಿನ ಅವನಿಗೆ ರಜೆ. ಆ ದಿನಗಳಲ್ಲಿ ಅವನ ಲೈನಿಗೆ ಹೋದವರು ಬೇರೆಯವರು. ನಾನೊಬ್ಬನೇ ಕೂತು ಮಲಯಾಳದಲ್ಲಿ ಓದಿದ್ದರೆ ಇದು ಸಿಗುತ್ತಿರಲಿಲ್ಲ.

ಇನ್ನು ಆ ಒಂದು ಶಬ್ದ. ಸಮಿತಿಯ ಸದಸ್ಯರೊಬ್ಬರು ಮೂರನೇ ಸಾಕ್ಷಿ. ಮನೆಮಾತು ಕನ್ನಡ, ಪ್ರಾಮಾಣಿಕ ಮನುಷ್ಯ. ಪಾಟೀಸವಾಲಿನಲ್ಲಿ ಕೇಳಿದೆ, ಆರೋಪಿ ಅವತ್ತು ಯಾವ ಭಾಷೆಯಲ್ಲಿ ಮಾತಾಡಿದ? ಕನ್ನಡದಲ್ಲಿ. ಅವನ ಮಾತಿನಲ್ಲೇ ಹೇಳಿ. ಅವರು ಸ್ವಲ್ಪ ಹೊತ್ತು ಕಟಕಟೆಯ ಮರವನ್ನೇ ನೋಡಿದರು. "ಮನೆಯಲ್ಲಿ ಎತ್ತಿಟ್ಟಿದ್ದೆ ಅಂದ." ಪತ್ರ ಬರೆದದ್ದು ಯಾರು? ಸಂಘದ ಗುಮಾಸ್ತರು. ಆರೋಪಿಗೆ ಓದಿ ಹೇಳಿದರಾ? ಇಲ್ಲ. ಆ ಕನ್ನಡ ವಾಕ್ಯವನ್ನು ಇದ್ದ ಹಾಗೆಯೇ ದಾಖಲು ಮಾಡಬೇಕು ಎಂದು ನಾನು ಕೇಳಿಕೊಂಡೆ. ಮ್ಯಾಜಿಸ್ಟ್ರೇಟರು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಕೇಸು ಇಲ್ಲದೆ ಮುಗಿಸುವ ಎಂದು ಹೇಳಿ ಸಹಿ ಪಡೆದದ್ದು ಆಮಿಷ, ನೌಕರನ ಮಟ್ಟಿಗೆ ಅಧ್ಯಕ್ಷರು ಅಧಿಕಾರ ಇರುವವರೇ, ಹಾಗಾಗಿ ಹಳೆಯ ಸಾಕ್ಷ್ಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಈ ಕಾಗದಕ್ಕೆ ಬೆಲೆ ಇಲ್ಲ ಎಂದು ವಾದಿಸಿದೆ. ಅದು ಈಗ ಹೊಸ ಕಾನೂನಿನ 22ನೇ ಸೆಕ್ಷನ್.

2023ರಲ್ಲಿ ಖುಲಾಸೆ ಆಯಿತು.

ಈಗ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳುವುದು, ಕೋರ್ಟಿನಲ್ಲಿ ಮಲಯಾಳ ಗೊತ್ತುಂಟು ಎಂದು ಸುಮ್ನೆ ತಲೆಯಾಡಿಸಬೇಡಿ. ಅರ್ಥವಾಗದ ಭಾಷೆಯ ಸಾಕ್ಷ್ಯವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎಂದು ಸಿಆರ್‌ಪಿಸಿ 279ರಲ್ಲೇ ಇತ್ತು, ಹೊಸ ಕಾನೂನಿನಲ್ಲೂ ಉಳಿದಿದೆ. ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮಂಥ ಗಡಿನಾಡಿನವರಿಗೆ ಇದು ದೊಡ್ಡ ಬಲ. ಕನ್ನಡದಲ್ಲಿ ಕೊಡಿ ಎಂದು ಬಾಯಿ ಬಿಟ್ಟು ಕೇಳಬೇಕು.

ಅವನ ಕೆಲಸ ಮಾತ್ರ ಇನ್ನೂ ಸಿಕ್ಕಿಲ್ಲ. ಅದೇ ಮೊತ್ತವನ್ನು ಅವನಿಂದ ವಸೂಲು ಮಾಡಲು ಸಹಕಾರಿ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಹೂಡಿದ ಸರ್‌ಚಾರ್ಜ್ ಪ್ರಕರಣ ನಡೆಯುತ್ತಲೇ ಇದೆ. ಕಳೆದ ತಿಂಗಳು ಅದರ ನೋಟಿಸು ಬಂತು, ಮಲಯಾಳದಲ್ಲಿ. ಅವನು ಅದನ್ನು ತೆಗೆದುಕೊಂಡು ನೇರ ನನ್ನ ಆಫೀಸಿಗೆ ಬಂದ. ಮೇಜಿನ ಮೇಲಿಟ್ಟು, "ಇದು ನನಗೆ ಓದಲಿಕ್ಕೆ ಬರುವುದಿಲ್ಲ ವಕೀಲರೇ, ಕನ್ನಡದಲ್ಲಿ ಕೊಡಿ ಅಂತ ಬರೆಯುವ" ಅಂದ. ಅರ್ಜಿಯನ್ನು ಅವನೇ ಕೂತು ಬರೆದ.