ಬೆಂಗಳೂರು–ಮೈಸೂರು ರೈಲು: ಪಾಸು ಯಾವಾಗ, ಟಿಕೆಟ್ ಯಾವಾಗ

ಸುಮಾರು 139 ಕಿ.ಮೀ. ದೂರದ ಈ ಹಳಿಯ ಮೇಲೆ ಮೆಮು ಎಂಬ ಲೋಕಲ್ ರೈಲಿನಿಂದ ವಂದೇ ಭಾರತ್‌ವರೆಗೆ ಎಲ್ಲ ಬಗೆಯ ಗಾಡಿಗಳೂ ಓಡುತ್ತವೆ. ಯಾವುದರಲ್ಲಿ ಹೋದರೆ ಅಗ್ಗ ಎಂದು ಕೇಳಿದವರನ್ನು ನಾನು ಮೊದಲು ಕೇಳುವುದು, ತಿಂಗಳಿಗೆ ಎಷ್ಟು ದಿನ ಓಡಾಡುತ್ತೀರಿ ಎಂದು. ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ.

ತಿಂಗಳ ಪಾಸಿನ ದರ ಹೆಚ್ಚುಕಡಿಮೆ ಪ್ಯಾಸೆಂಜರ್ ಗಾಡಿಯ 15 ಒಂಟಿ ಟಿಕೆಟ್‌ಗಳಷ್ಟು. ಪ್ಯಾಸೆಂಜರ್‌ನಲ್ಲೇ ಓಡಾಡುವವರಿಗೆ ಎಂಟು ದಿನ ಹೋಗಿಬಂದರೆ ಪಾಸಿನ ದುಡ್ಡು ಹುಟ್ಟುತ್ತದೆ. ಆದರೆ ಅದೇ ಪಾಸು ಎಕ್ಸ್‌ಪ್ರೆಸ್ ಗಾಡಿಗಳ ಜನರಲ್ ಬೋಗಿಗೂ ನಡೆಯುತ್ತದೆ, ಎಕ್ಸ್‌ಪ್ರೆಸ್‌ನ ಒಂಟಿ ಟಿಕೆಟ್ಟೋ ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯುವವರಿಗೆ ನಾಲ್ಕೈದು ದಿನದಲ್ಲೇ ಪಾಸು ಲಾಭಕ್ಕೆ ಬರುತ್ತದೆ. ವಾರಕ್ಕೆ ಎರಡು ದಿನ ಮಾತ್ರ ಆಫೀಸಿಗೆ ಹೋಗುವವರು ಪಾಸು ನಮಗಲ್ಲ ಎಂದು ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿದರೆ ಅವರಿಗೂ ಉಳಿತಾಯವೇ. 2025ರ ಜುಲೈ ಮತ್ತು ಡಿಸೆಂಬರ್‌ನಲ್ಲಿ ಎಕ್ಸ್‌ಪ್ರೆಸ್ ದರ ಏರಿದಾಗಲೂ ಪಾಸಿನ ದರವನ್ನು ಮುಟ್ಟಲಿಲ್ಲ, ಅಂತರ ಇನ್ನಷ್ಟು ಹಿಗ್ಗಿತು.

ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳಿಗೆ 5.4, ವರ್ಷಕ್ಕೆ 10.8. ಎಲ್ಲದರಲ್ಲೂ ಉಳಿಯುವುದು ಅದೇ ಶೇ 10. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಹೆಚ್ಚಿನ ರಿಯಾಯಿತಿಯೇನೂ ಇಲ್ಲ, ಮೂರು ತಿಂಗಳದ್ದೇ ಸಾಕು. ಊರಿಗೆ ಹೋಗುವ ರಜೆ ಇದ್ದರೆ ಅದು ಮುಗಿದ ಮೇಲೆ ಮಾಡಿಸಿ; ಓಡಾಡದ ದಿನಗಳ ದುಡ್ಡು ಯಾರೂ ಮರಳಿಸುವುದಿಲ್ಲ.

ಎಡವಟ್ಟಾಗುವ ಜಾಗಗಳನ್ನು ಹೇಳಿಬಿಡುತ್ತೇನೆ. ರೈಲ್ವೆಯ ಮೊಬೈಲ್ ಆ್ಯಪ್‌ನಲ್ಲಿ ಮಾಡಿಸಿದ ಪಾಸು ಮರುದಿನದಿಂದ ಜಾರಿಗೆ ಬರುತ್ತದೆ, ಸೋಮವಾರದ ಗಾಡಿಗೆ ಭಾನುವಾರವೇ ಮಾಡಿಸಿರಬೇಕು. ಹಳೆಯದು ಮುಗಿಯುವ 10 ದಿನ ಮುಂಚೆಯೇ ನವೀಕರಿಸಬಹುದು. ಗಾಡಿಯ ನಂಬರ್ 12, 20 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್. ಅದಕ್ಕೆ ಪಾಸಿನ ಜೊತೆ ಬೇರೆ ಶುಲ್ಕ ಕಟ್ಟಿರಬೇಕು. ಚಾಮುಂಡಿ 16ರ ನಂಬರಿನದು, ಆ ಚಿಂತೆಯಿಲ್ಲ. ಒಡೆಯರ್ ಎಕ್ಸ್‌ಪ್ರೆಸ್ 12ರದು. ಡಿ1, ಡಿ2 ಎಂದು ಬರೆದಿರುವ ಬೋಗಿಗಳು ರಿಸರ್ವೇಶನ್‌ನವು. ಪಾಸು ಹಿಡಿದು ಅಲ್ಲಿ ಕೂತರೆ ಟಿಸಿ ಕನಿಷ್ಠ 250 ರೂಪಾಯಿ ದಂಡದ ಮೇಲೆ ದರದ ವ್ಯತ್ಯಾಸವನ್ನೂ ವಸೂಲು ಮಾಡಬಹುದು. ಶತಾಬ್ದಿ, ವಂದೇ ಭಾರತ್‌ಗಳಲ್ಲಿ ಪಾಸಿನ ಮಾತೇ ಇಲ್ಲ. ಪಾಸಿನಲ್ಲಿ ನಮೂದಿಸಿದ ಗುರುತಿನ ಚೀಟಿ ಜೇಬಿನಲ್ಲಿ ಇರಲೇಬೇಕು.

ಪಾಸಿಗೆ 150 ಕಿ.ಮೀ. ಮಿತಿಯಿದೆ, ಇದು ಬಹಳ ಜನರನ್ನು ತಟ್ಟುತ್ತದೆ. ಮಂಡ್ಯದಿಂದ ಮೆಜೆಸ್ಟಿಕ್‌ಗೆ ಸುಮಾರು 93 ಕಿ.ಮೀ. ಆದ್ದರಿಂದ ಮಂಡ್ಯ–ವೈಟ್‌ಫೀಲ್ಡ್ ಒಂದೇ ಪಾಸಿನಲ್ಲಿ ಬರುತ್ತದೆ, ಮೈಸೂರು–ವೈಟ್‌ಫೀಲ್ಡ್ ಬರುವುದಿಲ್ಲ. ಮೈಸೂರಿನವರು ಮೆಜೆಸ್ಟಿಕ್‌ವರೆಗೆ ಪಾಸು ಮಾಡಿಸಿ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿಯುವುದು ವಾಸಿ. ಆದರೆ ಮೆಟ್ರೊ ಖರ್ಚನ್ನು ಲೆಕ್ಕಕ್ಕೆ ಸೇರಿಸಿ. ತಿಂಗಳಿಡೀ ಹೋದರೆ ಮೆಟ್ರೊ ಖರ್ಚೇ ರೈಲಿನ ಪಾಸನ್ನು ಮೀರಿಸುತ್ತದೆ.

ಅಪರೂಪಕ್ಕೆ ಹೋಗುವವರಿಗೆ ಜನರಲ್ ಟಿಕೆಟ್ ಸಾಕು. ಪ್ಯಾಸೆಂಜರ್ ಮತ್ತು ಮೆಮುವಿಗೆ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್‌ಗೆ 30. ಕೆಂಗೇರಿ–ಬಿಡದಿಯಂಥ ಗಿಡ್ಡ ಓಡಾಟದಲ್ಲಿ ಈ ವ್ಯತ್ಯಾಸ ದೊಡ್ಡದು. 199 ಕಿ.ಮೀ.ವರೆಗಿನ ಜನರಲ್ ಟಿಕೆಟ್‌ನಲ್ಲಿ ಕೊಂಡ ಮೂರು ಗಂಟೆಯೊಳಗೆ ಪ್ರಯಾಣ ಶುರುಮಾಡಬೇಕು. ಹಾಗಾಗಿ ಬೆಳಗ್ಗೆಯೇ ಸಂಜೆಯ ಟಿಕೆಟ್ ತೆಗೆದಿಟ್ಟುಕೊಳ್ಳುವಂತಿಲ್ಲ. ಮೊಬೈಲ್ ಟಿಕೆಟನ್ನು ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯದು. ಬ್ಯಾಟರಿ ಸತ್ತರೆ ಟಿಕೆಟ್ಟೂ ಇಲ್ಲದಂತೆಯೇ.

ಮಕ್ಕಳು, ಹಿರಿಯರು ಜೊತೆಗಿದ್ದರೆ ಅಥವಾ ಹಬ್ಬದ ಹಿಂದಿನ ಸಂಜೆಯಾದರೆ ನಾನು ಸೆಕೆಂಡ್ ಸಿಟ್ಟಿಂಗ್, ಅಂದರೆ ಡಿ ಬೋಗಿಯ ಸೀಟು, ಕಾಯ್ದಿರಿಸುತ್ತೇನೆ. ರಿಸರ್ವೇಶನ್‌ಗೆ 15 ರೂಪಾಯಿ, ಸೂಪರ್‌ಫಾಸ್ಟ್ ಆದರೆ ಮತ್ತೆ 15, ಮೇಲೆ ಆನ್‌ಲೈನ್ ಶುಲ್ಕ. ಸೀಟು ಖಾತ್ರಿಯಾಗುವುದಕ್ಕೆ ಅದು ಹೆಚ್ಚೇನಲ್ಲ. ರದ್ದು ಮಾಡಿದರೆ ಮಾತ್ರ ಕನಿಷ್ಠ 60 ರೂಪಾಯಿ ಕಡಿತ; ಇಷ್ಟು ಗಿಡ್ಡ ದಾರಿಯಲ್ಲಿ ಟಿಕೆಟ್ಟಿನ ಬಹುಪಾಲು ಅದಕ್ಕೇ ಹೋಗುತ್ತದೆ. ದಿನ ಗಟ್ಟಿಯಾಗದೆ ಬುಕ್ ಮಾಡಬೇಡಿ.

ವಂದೇ ಭಾರತ್ ಎರಡು ಗಂಟೆ ಆಸುಪಾಸಿನಲ್ಲಿ ತಲುಪಿಸುತ್ತದೆ. ಬುಕ್ ಮಾಡುವಾಗ ಊಟ ಬೇಡ ಎಂದು ಆರಿಸಿದರೆ ದರ ಇಳಿಯುತ್ತದೆ. ರಾಮನಗರ, ಚನ್ನಪಟ್ಟಣ, ಮದ್ದೂರಿನವರಿಗೆ ಅದರಿಂದ ಉಪಯೋಗವಿಲ್ಲ, ಅಲ್ಲಿ ನಿಲ್ಲುವುದೇ ಇಲ್ಲ.

ಮಹಿಳೆಯರಿಗೆ ಲೆಕ್ಕ ಬೇರೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ ಉಚಿತ, ದುಡ್ಡಿನಲ್ಲಿ ರೈಲು ಅದಕ್ಕೆ ಸಾಟಿಯಲ್ಲ. ಆದರೂ ಸಂಜೆಯ ಹೊತ್ತು ಮೈಸೂರು ರಸ್ತೆಯಲ್ಲಿ ಬಸ್ ಕೆಂಗೇರಿ ದಾಟುವಷ್ಟರಲ್ಲಿ ಗಾಡಿ ಎಷ್ಟೋ ಮುಂದೆ ಹೋಗಿರುತ್ತದೆ. ಮಂಡ್ಯ, ಮದ್ದೂರಿನಿಂದ ದಿನಾ ಓಡಾಡುವ ಹೆಣ್ಣುಮಕ್ಕಳಿಗೆ ರೈಲಿನ ಪಾಸೂ ಒಂದಿರಲಿ ಎಂದೇ ನಾನು ಹೇಳುತ್ತೇನೆ.