ಪೇಪರ್ ಓದೋ ಪಾಳಿ: ನಮ್ಮ ಶಿವಮೊಗ್ಗದ ಗುಂಪಿನ ಲೆಕ್ಕ

"ಇದೂ ಮೂರು ತಿಂಗಳ ಆಟ ಕಣ್ರೀ" ಅಂದವರೇ ಈಗ, ನಾವು ಡಾಕ್ಟರುಗಳು ಹೊಸ ಸಂಶೋಧನಾ ಪೇಪರುಗಳನ್ನು ಹಂಚಿಕೊಂಡು ಓದಿ ಆರಿಸುವ ಭಾನುವಾರದ ಪಟ್ಟಿ ತಡವಾದರೆ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವೈದ್ಯಕೀಯ ಪೇಪರುಗಳ ಸೂಚಿ ಪಬ್‌ಮೆಡ್‌ಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಪೇಪರ್ ಸೇರುತ್ತವೆ. ಓಪಿಡಿ ಮುಗಿಸಿ ಕೂತವನಿಗೆ ಅದರಲ್ಲಿ ಹತ್ತೂ ದಕ್ಕಲ್ಲ. ಮೊದಲು ಎಲ್ಲರಂತೆ ಅಲರ್ಟ್ ಹಾಕಿಕೊಂಡೆ. ಇನ್‌ಬಾಕ್ಸ್ ತುಂಬಿತು, ಓದಿದ್ದು ಸೊನ್ನೆ. ಆಮೇಲೆ ವಾಟ್ಸಾಪ್ ಗುಂಪು. ಒಂದೇ ವಾರದಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಪಿಡಿಎಫ್ ಹುಡುಕುವ ಹಾಗಾಯ್ತು. ಕಳಿಸಿದವರೂ ತೆರೆದು ನೋಡಿರುತ್ತಿರಲಿಲ್ಲ.

2020ರಲ್ಲಿ ದುಡ್ಡು ಸುರಿದೆವು. ಸಾರಾಂಶ ಬರೆಯೋಕೆ ಪಿಜಿ ಓದುತ್ತಿದ್ದ ಒಬ್ಬ ಹುಡುಗನಿಗೆ ತಿಂಗಳಿಗೆ ಐದು ಸಾವಿರದಷ್ಟು ಕೊಡುತ್ತಿದ್ದೆವು. ಹುಡುಗ ಚುರುಕು, ಆದರೆ ಬರೆದದ್ದೆಲ್ಲ ಪೇಪರಿನ ತಲೆಯಲ್ಲಿರುವ ಅಬ್‌ಸ್ಟ್ರಾಕ್ಟಿನ ಕೊನೆಯ ಸಾಲು. ಕೋವಿಡ್ ಚಿಕಿತ್ಸೆಯ ರಿಕವರಿ ಟ್ರಯಲ್ ಬಂದಾಗ "ಡೆಕ್ಸಾಮೆಥಾಸೋನ್ ಸಾವು ತಗ್ಗಿಸುತ್ತದೆ" ಅಂತ ಒಂದೇ ಸಾಲು ಕಳಿಸಿದ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿದದ್ದು ನಿಜ. ಆಕ್ಸಿಜನ್ನೇ ಬೇಡದಿದ್ದವರಿಗೆ ಲಾಭ ಕಾಣಲಿಲ್ಲ ಅನ್ನೋದು ಅಷ್ಟೇ ಮುಖ್ಯ. ಅದೇ ಬಿಟ್ಟುಹೋಗಿತ್ತು. ರೋಗಿ ನೋಡುವವನೇ ಆರಿಸಬೇಕು, ಅವನೇ ಬರೆಯಬೇಕು ಅಂತ ಆಗ ಗಟ್ಟಿಯಾಯ್ತು.

ಉಪಾಯ ಹೊಸದಲ್ಲ. ಫ್ಯಾಕಲ್ಟಿ ಆಫ್ 1000 ಅನ್ನೋ ಸೇವೆ 2002ರಿಂದಲೇ ಪರಿಣತರ ಕೈಲಿ ಪೇಪರ್ ಆರಿಸಿ ನಕ್ಷತ್ರ ಕೊಡಿಸುತ್ತಿತ್ತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ನೂರಕ್ಕೂ ಹೆಚ್ಚು ಜರ್ನಲ್ ಸೋಸಿ, ವೈದ್ಯರಿಂದ ಏಳರವರೆಗೆ ಅಂಕ ಹಾಕಿಸಿ ಪುಕ್ಕಟೆಯಾಗಿ ಕಳಿಸುತ್ತಾರೆ. ಈಗಲೂ ಅದನ್ನು ನೋಡುತ್ತೇನೆ. ಆದರೆ ಅವರ ರೋಗಿಗಳು ಬೇರೆ, ನಮ್ಮವರು ಬೇರೆ. ಅಲ್ಲಿನ ಅಂಕ ನಂಬಿ ಕೂತರೆ ಹಾವು ಕಡಿತ, ರುಮ್ಯಾಟಿಕ್ ಹೃದಯ ರೋಗ, ಮಂಗನ ಕಾಯಿಲೆ ಎಲ್ಲ ತಳ ಸೇರುತ್ತವೆ.

ನಮ್ಮ ವ್ಯವಸ್ಥೆ ಇಷ್ಟೇ. ಹನ್ನೆರಡು ಜನರ ಆಸುಪಾಸು. ತಲೆಗೆ ಮೂರ್ನಾಲ್ಕು ಜರ್ನಲ್. ವಾರಕ್ಕೆ ಹೆಚ್ಚೆಂದರೆ ಎರಡು ಪೇಪರ್. ಒಂದೂ ಇಲ್ಲ ಅಂದರೆ "ಇಲ್ಲ" ಅಂತ ಬರೆಯಬೇಕು. ಈ ಮಿತಿಯೇ ಜೀವಾಳ. ಮೂರನೇದು ಹಾಕಬೇಕೆಂದರೆ ಮೊದಲಿನ ಎರಡರಲ್ಲಿ ಒಂದನ್ನು ತೆಗೆಯಬೇಕು, ಅಲ್ಲಿ ನಿಜವಾದ ಓದು ಶುರುವಾಗುತ್ತದೆ. ಪ್ರತಿ ಪೇಪರಿಗೆ ಮೂರು ಸಾಲು: ರೋಗಿಗಳು ಯಾರು, ಯಾವುದನ್ನು ಯಾವುದರ ಜೊತೆ ಹೋಲಿಸಿದರು, ಸೋಮವಾರದ ಓಪಿಡಿಯಲ್ಲಿ ನಾನೇನು ಬದಲಿಸ್ತೀನಿ. ಕೆಳಗೆ ಹೆಸರು. ಬೇರೆ ವಿಭಾಗದವರೊಬ್ಬರು ಒಪ್ಪದೆ ಪಟ್ಟಿಗೆ ಹೋಗುವಂತಿಲ್ಲ.

ಆಡಿಕೊಂಡವರ ಬಾಯಿ ಮುಚ್ಚಿಸಿದ್ದು 2022ರ ಇನ್ವಿಕ್ಟಸ್ ಟ್ರಯಲ್. ರುಮ್ಯಾಟಿಕ್ ಹೃದಯ ರೋಗದ ಜೊತೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವುದು) ಇದ್ದ ಸುಮಾರು 4,500 ಜನ. ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ತಪಾಸಣೆಯ ರಗಳೆ ಪದೇ ಪದೇ ಇರಲ್ಲ, ರಕ್ತ ತೆಳು ಮಾಡುವ ಹೊಸ ಔಷಧಿ ರಿವರಾಕ್ಸಬಾನ್ ಕೊಟ್ಟರಾಯ್ತು ಅಂತ ಊರಲ್ಲಿ ಗಾಳಿ ಬೀಸುತ್ತಿತ್ತು. ಟ್ರಯಲ್‌ನಲ್ಲಿ ಗೆದ್ದದ್ದು ವಾರ್ಫರಿನ್ ಗುಂಪಿನ ಹಳೇ ಔಷಧಿ. ಸಾವು ಕಮ್ಮಿ, ರಕ್ತಸ್ರಾವವೂ ಹೆಚ್ಚಿಲ್ಲ. ಅದೇ ವಾರ ನಮ್ಮ ಪಟ್ಟಿಯಲ್ಲಿ ಇತ್ತು. ಮೆಡಿಕಲ್ ರೆಪ್‌ಗಳು ಈ ಸುದ್ದಿ ತರಲಿಲ್ಲ ಬಿಡಿ!

ಖರ್ಚು? ಪೇಪರ್ ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್‌ನ ಗ್ರೂಪ್ ಲೈಬ್ರರಿಗೆ ಹೆಚ್ಚುವರಿ ಜಾಗ ವರ್ಷಕ್ಕೆ 20 ಡಾಲರ್, ಹೆಚ್ಚೂಕಮ್ಮಿ ಎರಡು ಸಾವಿರ ರೂಪಾಯಿ. ಹಿಂತೆಗೆದ ಪೇಪರ್ ಸಿಕ್ಕಿಕೊಂಡರೆ ಅದೇ ಕೆಂಪು ಪಟ್ಟಿ ತೋರಿಸುತ್ತೆ, ಅದಕ್ಕೆ ಬೇರೆ ಕಾಸೂ ಇಲ್ಲ. ಲ್ಯಾನ್ಸೆಟ್ ಜರ್ನಲ್‌ನಲ್ಲಿ 2020ರ ಮೇ 22ಕ್ಕೆ ಬಂದ, ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವ ಬಗೆಗಿನ ಪೇಪರ್ ಜೂನ್ 4ಕ್ಕೆ ವಾಪಸಾಗಿತ್ತು. ವಾಟ್ಸಾಪಿನಲ್ಲಿ ಮಾತ್ರ ಇನ್ನೂ ತಿಂಗಳುಗಟ್ಟಲೆ ಓಡಾಡಿತು.

ಪೂರ್ತಿ ಪೇಪರ್ ಸಿಗೋದೇ ತಲೆನೋವು. ಒಂದಕ್ಕೇ ಮೂರು ಸಾವಿರದ ಮೇಲೆ ಕೇಳುತ್ತಾರೆ. ಪುಕ್ಕಟೆ ಪ್ರತಿ ಹುಡುಕಿಕೊಡುವ ಅನ್‌ಪೇವಾಲ್ ಅರ್ಧ ಕೆಲಸ ಮುಗಿಸುತ್ತೆ. ಉಳಿದದ್ದಕ್ಕೆ ಬರೆದವರಿಗೇ ಮೇಲ್ ಹಾಕುತ್ತೇವೆ, ಬಹಳ ಜನ ಕಳಿಸುತ್ತಾರೆ. ಆ ಇ-ಮೇಲ್‌ನ ಮೊದಲ ಸಾಲು ಏನಿರಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ನನ್ನ ಸರ್ಚ್ ಸ್ಟ್ರಿಂಗ್ ಕೂಡ ಅಷ್ಟೇ, ಕೇಳಬೇಡಿ.

ಮಧ್ಯೆ ಒಂದು ಚಪಲ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಿಂದಲೇ ಹೆಸರು ಪಡೆದ ಮಂಗನ ಕಾಯಿಲೆಗೆ ಬೇರೆ ಪಟ್ಟಿ ಮಾಡಿದೆ. ತಿಂಗಳಾದರೂ ಒಂದೆರಡು ಪೇಪರ್ ದಾಟಲಿಲ್ಲ. ಆದರೂ ಮುಚ್ಚಿಲ್ಲ. ಕಾಯಿಲೆ ಹರಡುವ ಉಣ್ಣಿಗಳ ಕಾಲ ಬಂದಾಗ ತಾಲ್ಲೂಕಿನ ಡಾಕ್ಟರುಗಳು ಮೊದಲು ತೆರೆಯೋದು ಅದನ್ನೇ. ಎಐ ಚಾಟ್‌ಬಾಟ್‌ಗೂ ಸಾರಾಂಶ ಒಪ್ಪಿಸಿ ನೋಡಿದೆ. ಭಾಷೆ ಸೊಗಸು, ಮೂರನೇ ಸಾಲು ಮಾತ್ರ ಯಾವತ್ತೂ ಟೊಳ್ಳು. ಅದಕ್ಕೆ ಸೋಮವಾರದ ಓಪಿಡಿ ಇಲ್ಲ ನೋಡಿ.

2025ರಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅನ್ನೋ ಕೇಂದ್ರ ಸರ್ಕಾರದ ಜರ್ನಲ್ ಚಂದಾ ಯೋಜನೆ ಬಂದಿದೆ. ಸರ್ಕಾರಿ ಸಂಸ್ಥೆಗಳಿಗೆ ಮಾತ್ರ, ನಮ್ಮಂಥ ಖಾಸಗಿಯವರಿಗಿಲ್ಲ. ಹಾಗಾಗಿ ದುಬಾರಿ ಜರ್ನಲ್‌ಗಳೆಲ್ಲ ಈಗ ಗುಂಪಿನಲ್ಲಿರುವ ಸರ್ಕಾರಿ ಕಾಲೇಜಿನ ಇಬ್ಬರ ಪಾಲಿಗೆ. ಓದಿ ಸ್ವಂತ ಮಾತಲ್ಲಿ ಬರೆಯುತ್ತಾರೆ. ಅವರಿಗೆ ಮೊದಲಿದ್ದ ಜರ್ನಲ್‌ಗಳಲ್ಲಿ ಅರ್ಧ ನಾನು ಹೊತ್ತೆ. ಗುಂಪಿನಲ್ಲಿ ಚರ್ಮರೋಗದ ಕುರ್ಚಿ ಮಾತ್ರ ಇನ್ನೂ ಖಾಲಿ.