ಚೀಟಿ ಬಿಚ್ಚುವ ಮೊದಲು

2024ರ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಬೋರ್‌ವೆಲ್ ಬರೀ ಗಾಳಿ ಉಗುಳಲು ಶುರುಮಾಡಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ನಾವಿರೋದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಆಗ ಕಾವೇರಿ ನೀರು ನಮ್ಮ ಕಡೆಗೆ ಬಂದಿರಲಿಲ್ಲ. 64 ಮನೆ, ಸುಮಾರು 230 ಜನ. ಉಳಿದ ಒಂದು ಬೋರ್‌ನಿಂದ ದಿನಕ್ಕೆ 8,000 ಲೀಟರ್, ಕಾದು ಕೂತರೆ ಸಿಗುತ್ತಿದ್ದ 12,000 ಲೀಟರಿನ ಒಂದು ಟ್ಯಾಂಕರ್. ಅಷ್ಟೇ. ನಾನು ಆಗ ಸಂಘದ ಕಾರ್ಯದರ್ಶಿ.

ಇರೋದನ್ನು ಹಂಚೋದು ಹೇಗೆ? ಮೊದಲ ಮೀಟಿಂಗ್ ರಾತ್ರಿ ಹನ್ನೊಂದರವರೆಗೂ ನಡೆಯಿತು. ಮೇಂಟೆನೆನ್ಸ್ ಕಟ್ಟೋದು ಚದರ ಅಡಿ ಲೆಕ್ಕದಲ್ಲಿ, ಹಾಗಾಗಿ ನೀರೂ ಹಾಗೇ ಬರಲಿ ಅಂದರು ದೊಡ್ಡ ಮನೆಯವರು. ಮನೆಗಿಷ್ಟು ಅಂತ ಸಮ ಹಂಚಿ ಅಂದರು ಕೆಲವರು. ಬಾಡಿಗೆಗೆ ಇದ್ದ, ಮನೆ ತುಂಬ ಜನ ಇದ್ದವರು ತಲೆಗಿಷ್ಟು ಅಂತ ಪಟ್ಟು ಹಿಡಿದರು. ಎಲ್ಲರ ಮಾತಲ್ಲೂ ನ್ಯಾಯ ಇತ್ತು. ಆದರೆ ಪ್ರತಿಯೊಬ್ಬರೂ ಹೇಳುತ್ತಿದ್ದ ನ್ಯಾಯ ಅವರವರ ಮನೆ ನಲ್ಲಿಗೆ ಸರಿಯಾಗಿ ಹೊಂದುತ್ತಿತ್ತು.

ಅವತ್ತು ರಾತ್ರಿ ನನಗೆ ಜಾನ್ ರಾಲ್ಸ್ ನೆನಪಾದರು. ಅಮೆರಿಕದ ಈ ಚಿಂತಕ 1971ರಲ್ಲಿ ನ್ಯಾಯದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಎಂ.ಎ.ಯಲ್ಲಿದ್ದಾಗ ಅದನ್ನು ಪರೀಕ್ಷೆಗೆ ಅಂತ ಓದಿದ್ದೆ. ಅವರು ಹೇಳೋದು ಇಷ್ಟು: ಸಮಾಜಕ್ಕೆ ನಿಯಮ ಮಾಡುವಾಗ ನಿಮ್ಮ ಮುಂದೆ ಒಂದು ಪರದೆ ಇದೆ ಅಂದುಕೊಳ್ಳಿ. ನೀವು ಬಡವರೋ ಶ್ರೀಮಂತರೋ, ಗಟ್ಟಿಮುಟ್ಟಾಗಿದ್ದೀರೋ ಕಾಯಿಲೆಯವರೋ ನಿಮಗೇ ಗೊತ್ತಿಲ್ಲ. ಆಗ ಯಾವ ನಿಯಮ ಒಪ್ಪುತ್ತೀರಿ? ನಮ್ಮಮ್ಮ ಇದನ್ನು ಬೆಲ್ಲದಚ್ಚಿನಲ್ಲಿ ಮಾಡುತ್ತಿದ್ದರು. ಒಡೆಯೋನು ಒಬ್ಬ, ಮೊದಲು ಆರಿಸಿಕೊಳ್ಳೋನು ಇನ್ನೊಬ್ಬ. ನನ್ನ ತಮ್ಮ ಒಡೆದ ತುಂಡುಗಳು ತಕ್ಕಡಿಯಲ್ಲಿ ತೂಗಿದ ಹಾಗಿರುತ್ತಿದ್ದವು. ರಾಲ್ಸ್ ಕೂಡ ಕೇಕ್ ಕತ್ತರಿಸಿದವನು ಕೊನೆಯ ತುಂಡು ತಗೋಬೇಕು ಎಂಬ ಉದಾಹರಣೆ ಕೊಡುತ್ತಾರೆ.

ರಾಲ್ಸ್ ಬದುಕಿನ ಒಂದು ಸಂಗತಿ ನನ್ನನ್ನು ಯಾವತ್ತೂ ಬಿಟ್ಟಿಲ್ಲ. 1928ರಲ್ಲಿ, ಅವರಿನ್ನೂ ಏಳು ವರ್ಷದ ಹುಡುಗ, ಗಂಟಲಮಾರಿ (ಡಿಫ್ತೀರಿಯ) ಬಂತು. ಅವರಿಂದ ತಮ್ಮನಿಗೆ ತಗುಲಿ ಆ ಮಗು ತೀರಿಕೊಂಡಿತು. ಮುಂದಿನ ಚಳಿಗಾಲದಲ್ಲಿ ನ್ಯುಮೋನಿಯ. ಮತ್ತೆ ಇವರು ಉಳಿದರು, ಇನ್ನೊಬ್ಬ ತಮ್ಮ ಹೋದ. ಯಾರಿಗೆ ಏನು ಸಿಗುತ್ತೆ ಅನ್ನೋದರಲ್ಲಿ ಅದೃಷ್ಟದ ಪಾಲು ಎಷ್ಟು ಅನ್ನೋದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಕಮಿಟಿಯ ಎಂಟು ಜನರಿಗೆ ಚೀಟಿ ಬರೆದೆ. ಮೂರು ಬೆಡ್‌ರೂಮಿನ ಮಾಲೀಕರು, ಐದು ಜನರ ಬಾಡಿಗೆ ಸಂಸಾರ, ಒಂಟಿ ಅಜ್ಜಿ, ಬಾಣಂತಿ ಇರುವ ಮನೆ, ಹಾಸಿಗೆ ಹಿಡಿದವರಿರುವ ಮನೆ, ಒಟ್ಟಿಗಿರುವ ನಾಲ್ಕು ಹುಡುಗರು, ವಿದೇಶದಲ್ಲಿರುವವರ ಬೀಗ ಹಾಕಿದ ಮನೆ. ಏಳಾಯಿತು. ಎಂಟನೆಯದು ನನಗೆ ಹೊಳೆಯಲೇ ಇಲ್ಲ. ನಿವೃತ್ತ ಟೀಚರ್ ಒಬ್ಬರು ಪಟ್ಟಿ ನೋಡಿ, "ಬೇಸ್‌ಮೆಂಟ್ ಪಕ್ಕದ ರೂಮಲ್ಲಿ ನಮ್ಮ ಸೆಕ್ಯುರಿಟಿಯವರ ಸಂಸಾರ ಇದೆಯಲ್ವಾ?" ಅಂದರು. ನನಗೆ ಮುಖ ಎತ್ತಲು ಆಗಲಿಲ್ಲ.

ಚೀಟಿ ಮಡಚಿ, ಕಲೆಸಿ, ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟೆ. ಚೀಟಿಯಲ್ಲಿರುವ ಮನೆಯೇ ನಿಮ್ಮದು, ಆದರೆ ನಿಯಮ ತೀರ್ಮಾನ ಆಗೋವರೆಗೆ ಬಿಚ್ಚುವಂತಿಲ್ಲ ಅಂದೆ. ಹಿಂದಿನ ರಾತ್ರಿ ನಾಲ್ಕು ಗಂಟೆ ತಗೊಂಡ ಮಾತು ನಲವತ್ತು ನಿಮಿಷದಲ್ಲಿ ಮುಗಿಯಿತು. ಚದರ ಅಡಿ ಅನ್ನುತ್ತಿದ್ದವರೇ, "ಇದು ಕೈಯಲ್ಲಿದ್ದಾಗ ಆ ಲೆಕ್ಕ ಹೇಳೋಕೆ ಬಾಯಿ ಬರ್ತಿಲ್ಲ" ಅಂದರು. ತಲೆಗೆ 70 ಲೀಟರ್. ಹಸುಗೂಸು ಅಥವಾ ಹಾಸಿಗೆ ಹಿಡಿದವರಿದ್ದರೆ 30 ಲೀಟರ್ ಜಾಸ್ತಿ. ಮನೆಮನೆಗೂ ಮೀಟರ್ ಇದ್ದದ್ದರಿಂದ ಮಿತಿ ದಾಟಿದರೆ ದುಪ್ಪಟ್ಟು ದುಡ್ಡು. ಸೆಕ್ಯುರಿಟಿಯವರ ಮನೆಗೂ ಅದೇ 70. ನಷ್ಟ ಆದವರೂ ಸಹಿ ಹಾಕಿದರು.

ಒಂದು ವಾರ ಆದ ಮೇಲೆ ಸೆಕ್ಯುರಿಟಿಯವರ ಹೆಂಡತಿ ಬೆಳಿಗ್ಗೆ ಐದಕ್ಕೇ ಖಾಲಿ ಬಿಂದಿಗೆ ಹಿಡಿದು ಪಕ್ಕದ ಬೀದಿಗೆ ಹೋಗೋದು ಕಂಡಿತು. ನೀರು ಸಾಲ್ತಿಲ್ವಾ ಅಂತ ಕೇಳಿದೆ. ಅವರು ರಾಯಚೂರಿನ ಕಡೆಯವರು. "ನೀರು ಸಾಕಾಗತೈತ್ರೀ ಸರ್. ಆದ್ರ ನೀವು ನೀರು ಬಿಡೋದು ಏಳರಿಂದ ಒಂಬತ್ತು. ಆ ಹೊತ್ತಿಗಿ ನಾ ಮ್ಯಾಲಿನ ಮನ್ಯಾಗ ಭಾಂಡಿ ತಿಕ್ಕತಿರ್ತೀನಿ. ಮೊದ್ಲು ತ್ವಾಟದ ನಳಾ ಯಾವಾಗ್ಲೂ ಇರತಿತ್ತು."

ಗಿಡಕ್ಕೆ, ಕಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಬಂದ ದಿನವೇ ನಾವು ತೋಟದ ನಲ್ಲಿಯ ವಾಲ್ವ್ ಬಂದ್ ಮಾಡಿದ್ದೆವು. ಯಾವ ಹೊತ್ತಿನಲ್ಲೂ ಅವರಿಗೆ ನೀರು ಸಿಗುತ್ತಿದ್ದ ಒಂದೇ ಒಂದು ನಲ್ಲಿ ಅದು ಅನ್ನೋದು ಎಂಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಚೀಟಿ ಯಾರ ಕೈಗೆ ಬಂದಿದ್ದರೂ ಅದರಲ್ಲಿ ಆಕೆಯ ದಿನಚರಿ ಇರುತ್ತಿರಲಿಲ್ಲ. ಪರದೆ ನನ್ನ ಸ್ವಾರ್ಥವನ್ನು ಮುಚ್ಚಿತು, ನಿಜ. ಇನ್ನೊಬ್ಬರ ಬದುಕನ್ನು ಅದು ತೋರಿಸಲಿಲ್ಲ. ಅಮರ್ತ್ಯ ಸೇನ್ ರಾಲ್ಸ್ ಜೊತೆ ಜಗಳ ತೆಗೆದದ್ದು ಇಂಥದ್ದೇ ವಿಷಯಕ್ಕೆ: ನಮ್ಮ ನಮ್ಮಲ್ಲೇ ಕೂತು ಕಲ್ಪಿಸಿಕೊಂಡರೆ ಸಾಲದು, ಹೊರಗಿನವರ ಕಣ್ಣೂ ಬೇಕು. ಅವತ್ತೇ ಅವರ ರೂಮಿನ ಬಾಗಿಲಿಗೆ 200 ಲೀಟರಿನ ಡ್ರಮ್ ಒಂದನ್ನು ತಂದಿಟ್ಟೆವು. ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ಆ ವಾಲ್ವ್ ತೆಗೆಯೋದು ಅಂತಾಯಿತು.

ಇದಾದ ಮೇಲೆ ರಾಜಕೀಯದ ಮಾತು ಬಂದಾಗಲೂ ನಾನು ಎರಡು ಕೆಲಸ ಮಾಡುತ್ತೇನೆ. ಮೊದಲು ಚೀಟಿ, ಆಮೇಲೆ ಆ ಜಾಗದಲ್ಲಿರೋರನ್ನೇ ಕೇಳೋದು. ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ. ಪ್ರಚಾರಕ್ಕೆ ಬಂದವರ ಮುಂದೆ ಇಡೋಕೆ ನಮ್ಮವರು ಒಂದೇ ಪ್ರಶ್ನೆ ಬರೆದಿದ್ದರು: ಕಾವೇರಿ ನಮಗೆ ಯಾವಾಗ? ನಾನು ಮನಸ್ಸಲ್ಲೇ ಚೀಟಿ ಕಲೆಸಿದೆ. ನಾನು ಬೆಂಗಳೂರಿನ ಫ್ಲಾಟಿನವನೋ, ಮಂಡ್ಯದ ವಿ.ಸಿ. ನಾಲೆಯ ಕೊನೆ ಭಾಗದ ರೈತನೋ, ತಂಜಾವೂರಿನ ರೈತನೋ ಗೊತ್ತಿಲ್ಲ ಅಂದರೆ ಏನು ಕೇಳುತ್ತಿದ್ದೆ? ಕುಡಿಯುವ ನೀರು ಮೊದಲು ಅನ್ನೋದು ಮೂವರೂ ಒಪ್ಪುವ ಮಾತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೇ ಇದೆ. ಅದರಾಚೆ ನನಗೆ ಏನೂ ಹೊಳೆಯಲಿಲ್ಲ.

ಮಳವಳ್ಳಿ ಕಡೆ ಗದ್ದೆ ಮಾಡುವ ತಮ್ಮನಿಗೆ ಫೋನ್ ಮಾಡಿದೆ. ಬೆಂಗಳೂರಿಗೆ ನೀರೆತ್ತುವ ತೊರೆಕಾಡನಹಳ್ಳಿ ಅವರ ತಾಲ್ಲೂಕಿನಲ್ಲೇ ಇದೆ. ಬೆಂಗಳೂರಿಗೆ ಕೊಡಬೇಡಿ ಅಂತಾನೆ ಅಂದುಕೊಂಡಿದ್ದೆ. "ಕುಡಿಯೋಕ್ ತಗೊಳ್ಳಿ ಅಣ್ಣ, ಯಾರು ಬೇಡ ಅಂದ್ರು? ನಾಲೆಗೆ ಬಿಡ್ತಾರೋ ಇಲ್ವೋ ಅನ್ನೋದನ್ನ ಒಟ್ಲು (ಭತ್ತದ ಸಸಿಮಡಿ) ಬಿಡೋಕ್ ಮುಂಚೆ ಹೇಳ್ಬಿಡ್ಲಿ. ಆಗ ಭತ್ತ ಬಿಟ್ಟು ರಾಗಿ ಹಾಕ್ತೀನಿ. ಒಟ್ಲು ಬಿಟ್ಟಾದ್ಮೇಲೆ ನೀರಿಲ್ಲ ಅಂದ್ರೆ ಬಿತ್ತನೆ ಬೀಜದ ದುಡ್ಡೂ ಹೋಯ್ತು, ರಾಗಿ ಹದಾನೂ ಹೋಯ್ತು."

ನಮ್ಮ ಹಾಳೆಯಲ್ಲಿ ಅದನ್ನು ಎರಡನೇ ಪ್ರಶ್ನೆಯಾಗಿ ಸೇರಿಸಬೇಕು ಅಂದೆ. ನಮಗೇನು ಸಂಬಂಧ ಅಂತ ಒಬ್ಬರು ಕೇಳಿದರು. ಟೀಚರ್, "ಚೀಟಿ ಕೊಡಲಾ?" ಅಂದರು. ಸೇರಿಸಿದೆವು.

ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ ಅಂಚಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್. ಆಮೇಲೆ ನಮ್ಮ ಸಂಪಿಗೂ ಪೈಪ್ ಬಂತು. ಎರಡನೇ ಪ್ರಶ್ನೆಯನ್ನು ಓಟು ಕೇಳೋಕೆ ಬಂದವರ ಮುಂದೆ ನಾನು ಈಗಲೂ ಇಡುತ್ತಿದ್ದೇನೆ.